ಸೋತ ಆಟದ ಹೊಲಿಗೆ ಬಿಚ್ಚುವುದು ಹೇಗೆ

ತಿಪಟೂರಿನಲ್ಲಿ ನಮ್ಮ ಚೆಸ್ ಕ್ಲಬ್ ಇರುವುದು ಹಿಟ್ಟಿನ ಗಿರಣಿಯ ಮೇಲಿನ ರೂಮಿನಲ್ಲಿ. ಭಾನುವಾರ ಮಧ್ಯಾಹ್ನ ಎರಡಕ್ಕೆ ಗಿರಣಿ ನಿಲ್ಲುತ್ತದೆ, ಆಮೇಲೆ ನಮ್ಮ ಆಟ ಶುರು. ಆಡುವವರಲ್ಲಿ ಮುಕ್ಕಾಲು ಪಾಲು ಮಕ್ಕಳು. ಉಳಿದ ದೊಡ್ಡವರಲ್ಲಿ ನಾನೊಬ್ಬಳು. ಬ್ಲೌಸ್ ಹೊಲಿಯುವುದು ನನ್ನ ಕೆಲಸ. ಮಗಳನ್ನು ಟೂರ್ನಮೆಂಟಿಗೆ ಕರೆದುಕೊಂಡು ಹೋಗಿ, ಹಾಲಿನ ಹೊರಗೆ ಚಿತ್ರಾನ್ನದ ಡಬ್ಬಿ ಹಿಡಿದುಕೊಂಡು ಆರು ವರ್ಷ ಕೂತಿದ್ದೆ. ಪಿಯುಸಿಗೆ ಬಂದ ಮೇಲೆ ಅವಳು ಆಟ ಬಿಟ್ಟಳು. ನಾನು ಹಿಡಿದೆ.

ಹೋದ ಜೂನ್‌ನಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗನ ಕೈಲಿ ಸೋತೆ. ಮಕ್ಕಳ ಕೈಲಿ ಸೋಲುವುದು ನಮಗೆ ಹೊಸದಲ್ಲ ಬಿಡಿ. ಆದರೆ ಇದು ಡ್ರಾ ಆಗಬೇಕಿದ್ದ ಆಟ. ಕೊನೆಗೆ ಬಂದು ಒಂದೇ ನಡೆಯಲ್ಲಿ ಹೋಯಿತು. ಮನೆಗೆ ಬಂದು ಮಗಳ ಹತ್ತಿರ ಗೋಳಾಡಿದೆ. "ಅಮ್ಮ, ಮೊಬೈಲಿಗೆ ಹಾಕು, ಎಲ್ಲಿ ತಪ್ಪಾಯ್ತು ಅಂತ ಅದೇ ಹೇಳುತ್ತೆ" ಅಂದಳು. ಹಾಕಿದೆ. ಅದು ಆ ನಡೆಯ ಪಕ್ಕ ಕೆಂಪು ಬಣ್ಣದಲ್ಲಿ ಎರಡು ಪ್ರಶ್ನೆ ಚಿಹ್ನೆ ಹಾಕಿ ಸುಮ್ಮನಾಯಿತು. ಅಷ್ಟು ನನಗೂ ಗೊತ್ತಿತ್ತಲ್ಲ!

ಬ್ಲೌಸ್ ಹಾಕಿಕೊಂಡು ಕೈ ಎತ್ತಿದಾಗ ಕಂಕುಳ ಹತ್ತಿರ ಹಿಡಿಯುತ್ತದೆ ಅಂತ ಗಿರಾಕಿ ವಾಪಸ್ ತಂದರೆ, ನಾನು ಕಂಕುಳದ ಹೊಲಿಗೆ ಬಿಚ್ಚಿ ಕೂರುವುದಿಲ್ಲ. ಮೊದಲು ಅಳತೆ ಪುಸ್ತಕ ತೆಗೆಯುತ್ತೇನೆ. ಬಹಳ ಸಲ ಭುಜದ ಅಳತೆ ತೆಗೆಯುವಾಗಲೇ ಟೇಪು ಜಾರಿರುತ್ತದೆ. ಹಿಡಿಯುವುದು ಒಂದು ಕಡೆ, ತಪ್ಪಿದ್ದು ಇನ್ನೊಂದು ಕಡೆ. ಸೋತ ಆಟವನ್ನೂ ಹೀಗೇ ನೋಡಬೇಕು ಅಂತ ಹೊಳೆದದ್ದು ಆ ರಾತ್ರಿ. ಈಗ ಸೋತಾಗಲೆಲ್ಲ ನಾನು ಮಾಡುವುದನ್ನು ಇಲ್ಲಿ ಬರೆಯುತ್ತೇನೆ. ನಾನು ಕೋಚ್ ಅಲ್ಲ, ರೇಟಿಂಗ್ ಇನ್ನೂ ಬಂದಿಲ್ಲ. ನನ್ನ ಹಾಗೆ ವಾರಕ್ಕೊಂದು ಆಟ ಆಡುವವರಿಗೆ ಇದು ಸಾಕು.

ಕೆಲಸ ಶುರುವಾಗುವುದು ಆಟ ನಡೆಯುವಾಗಲೇ. ಸ್ಕೋರ್‌ಶೀಟಿನಲ್ಲಿ ನಡೆಯ ಪಕ್ಕ ಗಡಿಯಾರದಲ್ಲಿ ಎಷ್ಟು ನಿಮಿಷ ಉಳಿದಿದೆ ಅಂತ ಬರೆಯಿರಿ. ವಿಶ್ವ ಚೆಸ್ ಸಂಸ್ಥೆ ಫಿಡೆಯ ನಿಯಮದಲ್ಲಿ ಇದಕ್ಕೆ ಅವಕಾಶ ಇದೆ. ನಡೆ, ಗಡಿಯಾರದ ಸಮಯ, ಡ್ರಾ ಕೇಳಿದ ಗುರುತು, ಇಂಥವನ್ನು ಬರೆಯಬಹುದು. "ನಿಧಾನ", "ಕುದುರೆ ನೋಡ್ಕೋ" ಅಂತ ನಮಗೆ ನಾವೇ ಬುದ್ಧಿ ಹೇಳಿಕೊಳ್ಳುವ ಹಾಗಿಲ್ಲ, ಆರ್ಬಿಟರ್, ಅಂದರೆ ಆಟದ ತೀರ್ಪುಗಾರರು, ಬೈತಾರೆ. ಪ್ರತಿ ನಡೆಗೂ ಸಮಯ ಬರೆಯುವುದು ಬೇಡ, ಅದೇ ಒಂದು ಕೆಲಸ ಆಗುತ್ತದೆ. ಐದು ನಡೆಗೊಮ್ಮೆ ಸಾಕು. ಆದರೆ ಜಾಸ್ತಿ ಹೊತ್ತು ಯೋಚಿಸಿ ಆಡಿದ ನಡೆಗೆ ಮಾತ್ರ ಬಿಡದೆ ಬರೆಯಿರಿ. ಆಟ ಹೋದದ್ದು ಎಲ್ಲಿ ಅಂತ ನನಗೆ ತೋರಿಸಿದ್ದು ಈ ಪುಟ್ಟ ಅಂಕಿಗಳು.

ನಮ್ಮ ಕ್ಲಬ್ಬಿನಲ್ಲಿ ಒಬ್ಬರಿಗೆ 60 ನಿಮಿಷ. ಪ್ರತಿ ನಡೆಗೆ ಸೆಕೆಂಡು ಸೇರಿಸುವುದಿಲ್ಲ. ಹೀಗಿದ್ದಾಗ 5 ನಿಮಿಷಕ್ಕಿಂತ ಕಮ್ಮಿ ಉಳಿದರೆ ಬರೆಯುವುದನ್ನು ನಿಲ್ಲಿಸಬಹುದು. ನಡೆಗೆ 30 ಸೆಕೆಂಡು ಸೇರುವ ಆಟವಾದರೆ ಕೊನೆವರೆಗೂ ಬರೆಯಲೇಬೇಕು. ನನ್ನ ಶೀಟು 43ನೇ ನಡೆಗೆ ನಿಂತಿತ್ತು. ಅದಾದ ಮೇಲಿನದು ಎಲ್ಲಾ ತಲೆಯಲ್ಲಿ, ಅದೂ ಕಲಸುಮೇಲೋಗರ.

ಅದಕ್ಕೇ ಆಟ ಮುಗಿದ ಕೂಡಲೇ ಎದ್ದು ಹೋಗಬೇಡಿ. ಸೋತಾಗ ಓಡಿ ಹೋಗಬೇಕು ಅನಿಸುತ್ತದೆ, ನನಗೂ ಅನಿಸುತ್ತದೆ. ಒಂದು ಲೋಟ ನೀರು ಕುಡಿದು ಬಂದು ಎದುರಾಳಿಯ ಜೊತೆ ಹತ್ತು ನಿಮಿಷ ಕೂರಿ. ಬರೆಯದೆ ಬಿಟ್ಟ ನಡೆಗಳನ್ನು ಇಬ್ಬರೂ ಸೇರಿ ನೆನಪು ಮಾಡಿಕೊಂಡು ಬರೆಯಿರಿ. ಮಕ್ಕಳಿಗೆ ನೆನಪು ಚೆನ್ನಾಗಿರುತ್ತದೆ. ಆ ಹುಡುಗ 44ರಿಂದ 58ರವರೆಗೆ ಪಟಪಟ ಅಂತ ಜೋಡಿಸಿ ತೋರಿಸಿದ. ಕೆಳಗೆ ಅವರಮ್ಮ ಸ್ಕೂಟಿ ಹಾರ್ನ್ ಹೊಡೆಯುತ್ತಾ ಇದ್ದರು.

ಆಗ ಕೇಳುವ ಪ್ರಶ್ನೆ ಮುಖ್ಯ. "ನಾನು ಎಲ್ಲಿ ತಪ್ಪಿದೆ?" ಅಂತ ಕೇಳಿದರೆ ಯಾರಾದರೂ ಕೊನೆಯ ತಪ್ಪನ್ನೇ ತೋರಿಸುತ್ತಾರೆ. ನಾನು ಕೇಳಿದ್ದು, "ನಿನಗೆ ಎಲ್ಲಿ ಭಯ ಆಯ್ತಪ್ಪ?"

"ಶುರುನಲ್ಲಿ ಆಂಟಿ. ನಿಮ್ಮ ಎರಡೂ ಬಿಷಪ್ ನನ್ನ ರಾಜನ ಕಡೆ ನೋಡ್ತಿದ್ವು. ಆಮೇಲೆ ನೀವೇ ಕ್ವೀನ್ ಬದಲಾಯಿಸಿದ್ರಲ್ಲ, ಆಗ ಖುಷಿ ಆಯ್ತು."

ಕ್ವೀನ್ ಬದಲಾಯಿಸುವುದು ಅಂದರೆ ಒಬ್ಬರ ಕ್ವೀನನ್ನು ಇನ್ನೊಬ್ಬರು ಹೊಡೆದು ಎರಡನ್ನೂ ಬೋರ್ಡಿನಿಂದ ತೆಗೆಯುವುದು. ನಾನು ಹಾಗೆ ಮಾಡಿದ್ದು ಅವನಿಗೆ ಹೆದರಿ. ಅವನು ಖುಷಿಪಟ್ಟದ್ದು ಅದಕ್ಕೇ. ಇದನ್ನು ಯಾವ ಎಂಜಿನ್ನೂ, ಅಂದರೆ ಚೆಸ್ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಮೂ, ಹೇಳುವುದಿಲ್ಲ.

ಇನ್ನು ಮನೆಯ ಕೆಲಸ. ಅವತ್ತೇ ರಾತ್ರಿ, ತಪ್ಪಿದರೆ ಮಾರನೇ ದಿನ. ಮೂರು ದಿನ ಬಿಟ್ಟರೆ ಏನು ಆಡಿದೆ ಅನ್ನುವುದು ಶೀಟಿನಲ್ಲಿ ಇರುತ್ತದೆ, ಯಾಕೆ ಆಡಿದೆ ಅನ್ನುವುದು ಹೋಗಿಬಿಟ್ಟಿರುತ್ತದೆ. ಫೋನ್ ಬೇರೆ ರೂಮಿನಲ್ಲಿರಲಿ. ನಿಜವಾದ ಬೋರ್ಡು, ಒಂದು ನೋಟ್‌ಬುಕ್ಕು, ಪೆನ್ನು ಇಷ್ಟೇ ಸಾಕು. ಕಾಯಿ ಜೋಡಿಸಿ ಮೊದಲಿನಿಂದ ಆಡಿಕೊಂಡು ಬನ್ನಿ. ನಡೆ ಒಳ್ಳೆಯದೋ ಕೆಟ್ಟದ್ದೋ ಅಂತ ಬರೆಯಬೇಡಿ. ಆಗ ಏನು ನೋಡಿದಿರಿ, ಯಾವುದಕ್ಕೆ ಹೆದರಿದಿರಿ, ಯಾವ ನಡೆ ಆಡಬೇಕು ಅನಿಸಿ ಬಿಟ್ಟಿರಿ, ಅದನ್ನು ಬರೆಯಿರಿ. ಪೆದ್ದು ಯೋಚನೆ ಆದರೂ ಹಾಗೇ ಬರೆಯಿರಿ. ಯಾರೂ ನೋಡುವುದಿಲ್ಲ. ಇಲ್ಲಿ ಸುಳ್ಳು ಬರೆದರೆ ಉಳಿದದ್ದೆಲ್ಲ ದಂಡ.

ನನ್ನ ಆಟದ ಪುಟವನ್ನೇ ತೋರಿಸುತ್ತೇನೆ. ನಾನು ಕಪ್ಪು. ಎರಡು ಕುದುರೆಗಳ ಡಿಫೆನ್ಸ್ ಅನ್ನುವ ಓಪನಿಂಗ್, ಅಂದರೆ ಆಟ ಶುರು ಮಾಡುವ ಒಂದು ರೀತಿ. ಬೋರ್ಡಿನ ಮನೆಗಳಿಗೆ ಎಯಿಂದ ಎಚ್‌ವರೆಗೆ ಅಕ್ಷರ, 1ರಿಂದ 8ರವರೆಗೆ ಅಂಕಿ ಸೇರಿಸಿ ಹೆಸರು. ಬರೀ ಮನೆಯ ಹೆಸರು ಹೇಳಿದರೆ ಅಲ್ಲಿಗೆ ಹೋದದ್ದು ಪಾನ್, ಅಂದರೆ ಕಾಲಾಳು. ಬಿಳಿ ಇ4, ಕಪ್ಪು ಇ5. ಅವನ ಕುದುರೆ ಎಫ್3ಕ್ಕೆ, ನನ್ನದು ಸಿ6ಕ್ಕೆ. ಅವನ ಬಿಷಪ್ ಸಿ4ಕ್ಕೆ, ನನ್ನ ಇನ್ನೊಂದು ಕುದುರೆ ಎಫ್6ಕ್ಕೆ. ಅಲ್ಲಿ ಅವನು ಕುದುರೆಯನ್ನು ಜಿ5ಕ್ಕೆ ಹಾರಿಸಿದ. ಎಫ್7 ಪಾನ್ ಮೇಲೆ ಕಣ್ಣು. ಮಕ್ಕಳಿಗೆಲ್ಲ ಈ ನಡೆ ಅಂದರೆ ಪಂಚಪ್ರಾಣ. ನಾನು ಡಿ5, ಅವನು ಪಾನ್ ಹೊಡೆದ. ಇಲ್ಲಿ ಕುದುರೆಯಿಂದ ವಾಪಸ್ ಹೊಡೆದರೆ ಅವನು ಎಫ್7ರಲ್ಲಿ ಕುದುರೆ ಬಲಿ ಕೊಟ್ಟು ರಾಜನನ್ನು ಬೀದಿಗೆ ಎಳೆಯುತ್ತಾನೆ, ಅದು ಗೊತ್ತಿತ್ತು. ಹಾಗಾಗಿ ಕುದುರೆ ಎ5. ಬಿಷಪ್ ಬಿ5 ಚೆಕ್, ಸಿ6, ಪಾನ್ ಹೊಡೆದ, ನಾನು ಬಿ ಪಾನಿನಿಂದ ಹೊಡೆದೆ. ಬಿಷಪ್ ಇ2ಕ್ಕೆ ಹಿಂದೆ ಬಂತು. ಎಚ್6, ಕುದುರೆ ಎಫ್3, ಇ4, ಕುದುರೆ ಇ5, ಬಿಷಪ್ ಡಿ6. ಹತ್ತು ನಡೆ ಆಯಿತು. ನನಗೆ ಒಂದು ಪಾನ್ ಕಮ್ಮಿ. ಬದಲಿಗೆ ನನ್ನ ಕಾಯಿಗಳು ಚುರುಕಾಗಿ ಹೊರಗೆ ಬಂದಿವೆ. ಗಡಿಯಾರದಲ್ಲಿ 52 ನಿಮಿಷ.

11ನೇ ನಡೆಗೆ ಅವನು ಡಿ4 ಆಡಿದ. ನನ್ನ ಬಾಯಿಪಾಠ ಮುಗಿದಿದ್ದು ಸರಿಯಾಗಿ ಅಲ್ಲಿಗೆ. ಎರಡು ಮನೆ ಹಾರಿ ನನ್ನ ಪಾನಿನ ಪಕ್ಕ ಬಂದು ನಿಂತ ಪಾನನ್ನು ಆನ್ ಪಸಾಂ, ಅಂದರೆ ಅದು ಒಂದೇ ಮನೆ ನಡೆದ ಹಾಗೆ ಲೆಕ್ಕ ಹಾಕಿ, ಹೊಡೆಯಬೇಕೋ ಬೇಡವೋ? ನೋಟ್‌ಬುಕ್ಕಿನಲ್ಲಿ ಬರೆದದ್ದು ಹೀಗಿದೆ: "ಹೊಡೆದರೆ ನನ್ನ ಇ4 ಪಾನ್ ಹೋಗುತ್ತೆ. ಬಿಟ್ಟರೆ ಅವನ ಕುದುರೆ ಇ5ರಲ್ಲಿ ಗಟ್ಟಿಯಾಗುತ್ತೆ. ಹೊಡೆದರೆ ಇ4 ಹೋಗುತ್ತೆ. ಬಿಟ್ಟರೆ ಕುದುರೆ ಗಟ್ಟಿ." ನಾಲ್ಕು ಸಲ ಬರೆದಿದ್ದೇನೆ, ಯಾಕೆಂದರೆ ಅವತ್ತು ನಾಲ್ಕು ಸಲ ಅದನ್ನೇ ಯೋಚಿಸಿದೆ. ರುಬ್ಬುಗುಂಡು ತಿರುಗಿದ ಹಾಗೆ. ಮೂರನೇ ನಿಮಿಷದ ಆಮೇಲೆ ಹೊಸದೊಂದು ವಿಚಾರವೂ ಬರಲಿಲ್ಲ. ಕೊನೆಗೆ ಹೊಡೆದೆ. ಶೀಟಿನಲ್ಲಿ ಪಕ್ಕದ ಅಂಕಿ 31. ಒಂದೇ ನಡೆಗೆ 21 ನಿಮಿಷ!

ಅವನು ಕುದುರೆಯಿಂದ ಡಿ3ರಲ್ಲಿ ಹೊಡೆದ, ನಾನು ಕ್ವೀನ್ ಸಿ7. ಈಗ ಕ್ವೀನ್, ಬಿಷಪ್ ಎರಡೂ ಒಂದೇ ಸಾಲಿನಲ್ಲಿ ಎಚ್2 ಕಡೆ ನೋಡುತ್ತಿವೆ. ಅವನು ಸುಮ್ನೆ ರಾಜನನ್ನೂ ಆನೆಯನ್ನೂ ಒಟ್ಟಿಗೆ ಸರಿಸಿ ಕ್ಯಾಸಲಿಂಗ್ ಮಾಡಿದರೆ ಬಿಷಪ್ ಎಚ್2 ಪಾನನ್ನು ಚೆಕ್ ಕೊಟ್ಟು ತಿನ್ನುತ್ತದೆ. ಅದಕ್ಕೇ ಮೊದಲು ಎಚ್3 ಮಾಡಿಕೊಂಡ. ಅವನ ಭಯ ಅಂದದ್ದು ಇದೇ. ಮುಂದೆ 19ನೇ ನಡೆಯಲ್ಲಿ ನಾನೇ ಹೋಗಿ ಕ್ವೀನ್ ಬದಲಾಯಿಸಿಕೊಂಡೆ. ಪಾನ್ ಕಮ್ಮಿ ಇರುವವರು ದೊಡ್ಡ ಕಾಯಿ ಬದಲಾಯಿಸಿಕೊಂಡರೆ ಉಳಿಯುವುದು ಆ ಕಮ್ಮಿ ಪಾನ್ ಮಾತ್ರ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ನೋಟ್‌ಬುಕ್ಕಿನಲ್ಲಿ ಬರೆದ ಕಾರಣ: "ಟೈಮ್ ಕಮ್ಮಿ ಇದೆ. ಮಕ್ಕಳು ಟ್ಯಾಕ್ಟಿಕ್ಸ್‌ನಲ್ಲಿ ಜೋರು. ಸಿಂಪಲ್ ಮಾಡೋಣ." 11ನೇ ನಡೆಯಲ್ಲಿ ಚೆಲ್ಲಿದ ನಿಮಿಷಗಳ ಬಡ್ಡಿ 19ರಲ್ಲಿ ಕಟ್ಟಿದೆ ನೋಡಿ.

ನಡುವಿನ ನಡೆಗಳನ್ನು ಬಿಡೋಣ. ಅವನು ಒಂದೊಂದೇ ಪಾನ್ ಬದಲಾಯಿಸುತ್ತಾ ಬಂದ, ಕೊನೆಗೆ ಆನೆಗಳೂ ಹೋದವು. ಬೋರ್ಡಿನಲ್ಲಿ ಮೂರೇ ಕಾಯಿ. ಅವನ ರಾಜ ಇ5, ಅವನ ಪಾನ್ ಇ6, ನನ್ನ ರಾಜ ಇ7. ನಡೆ ನನ್ನದು. ಗಡಿಯಾರದಲ್ಲಿ 40 ಸೆಕೆಂಡು.

ಈ ಚಿತ್ರವನ್ನು ಬೋರ್ಡಿನಲ್ಲಿ ಇಟ್ಟು ನೋಡಿ. ನನಗೆ ಹೋಗಲು ಇರುವುದು ಮೂರೇ ಮನೆ: ಡಿ8, ಇ8, ಎಫ್8. ಡ್ರಾ ಆಗುವುದು ಒಂದರಲ್ಲಿ ಮಾತ್ರ. ನೇರ ಹಿಂದಕ್ಕೆ, ಇ8. ಆಗ ಅವನ ರಾಜ ಡಿ6ಕ್ಕೆ ಬಂದರೆ ನಾನು ಡಿ8ಕ್ಕೆ ಹೋಗಿ ಎದುರು ನಿಲ್ಲುತ್ತೇನೆ. ಎಫ್6ಕ್ಕೆ ಬಂದರೆ ಎಫ್8. ಅವನು ಎಲ್ಲಿಗೆ ಬಂದರೂ ನಾನು ಎದುರಿಗೆ. ಡಿ6ಕ್ಕೆ ಬಂದ, ಡಿ8ಕ್ಕೆ ಹೋದೆ ಅಂದುಕೊಳ್ಳಿ. ಅವನು ಪಾನನ್ನು ಇ7ಕ್ಕೆ ತಳ್ಳಿ ಚೆಕ್ ಕೊಡುತ್ತಾನೆ, ನಾನು ಇ8. ಪಾನ್ ಉಳಿಸಿಕೊಳ್ಳಲು ಅವನ ರಾಜ ಇ6ಕ್ಕೆ ಬರಬೇಕು. ಬಂದರೆ ನನಗೆ ಆಡಲು ನಡೆಯೇ ಇಲ್ಲ, ಚೆಕ್ಕೂ ಇಲ್ಲ, ಅದು ಸ್ಟೇಲ್‌ಮೇಟ್, ಅಂದರೆ ಡ್ರಾ. ಬಿಟ್ಟರೆ ಪಾನ್ ನನ್ನದು.

ನಾನು ಆಡಿದ್ದು ಡಿ8. ಅವನು ತಕ್ಷಣ ಡಿ6. ಈಗ ಎದುರು ಬಂದು ನಿಂತವನು ಅವನು, ನಡೆ ಆಡಬೇಕಾದವಳು ನಾನು. ಇ8ಕ್ಕೆ ಹೋದೆ, ಪಾನ್ ಇ7ಕ್ಕೆ ಬಂತು, ಈ ಸಲ ಚೆಕ್ ಇಲ್ಲದೆ. ನನಗಿದ್ದದ್ದು ಎಫ್7 ಒಂದೇ ಮನೆ. ಅವನ ರಾಜ ಡಿ7, ಮುಂದಿನ ನಡೆಗೆ ಪಾನ್ ಕೊನೆಯ ಸಾಲು ಮುಟ್ಟಿ ಹೊಸ ಕ್ವೀನ್ ಆಗುತ್ತದೆ. ಕೈ ಕುಲುಕಿದೆ.

"ನೇರ ಹಿಂದಕ್ಕೆ" ಅನ್ನುವ ಪಾಠವನ್ನು ನಾನೇ ಮಗಳಿಗೆ, ಅವಳು ಆಡಲು ಶುರು ಮಾಡಿದ ಎರಡನೇ ವರ್ಷದಲ್ಲಿ, ಬಾಯಿಪಾಠ ಮಾಡಿಸಿದ್ದೆ. ಹೊಟ್ಟೆ ಉರಿಯುತ್ತೋ ಇಲ್ವೋ ಹೇಳಿ.

ನೋಟ್‌ಬುಕ್ ಕೆಲಸ ಮುಗಿದ ಮೇಲೆ ಎಂಜಿನ್ ತೆರೆಯಬಹುದು. ಲಿಚೆಸ್ ಅನ್ನುವ ವೆಬ್‌ಸೈಟಿನಲ್ಲಿ ಸ್ಟಾಕ್‌ಫಿಶ್ ಅನ್ನುವ ಎಂಜಿನ್ ಪುಕ್ಕಟೆ ಸಿಗುತ್ತದೆ. ಆದರೆ ಇಡೀ ಆಟವನ್ನು ಅದರ ಕೈಗೆ ಕೊಟ್ಟು ಬಣ್ಣ ನೋಡಿಕೊಂಡು ಕೂರಬೇಡಿ. ನೋಟ್‌ಬುಕ್ಕಿನಲ್ಲಿ ಆಟ ತಿರುಗಿತು ಅನಿಸಿದ ಮೂರು ಜಾಗಕ್ಕೆ ಗುರುತು ಹಾಕಿ, ಅಲ್ಲಿಗೆ ಮಾತ್ರ ಹೋಗಿ. ಯಾರು ಎಷ್ಟು ಪಾನಿನಷ್ಟು ಮೇಲು ಅಂತ ಅಂಕಿ ಕಾಣುವ ಪಟ್ಟಿಯನ್ನು ಮೊದಲು ಮುಚ್ಚಿ, "ಇಲ್ಲಿ ಯಾರು ಮೇಲು, ನಾನಾದರೆ ಈಗ ಏನು ಆಡ್ತೀನಿ" ಅಂತ ಬರೆದು, ಆಮೇಲೆ ತೆರೆಯಿರಿ. ಅರ್ಧ ಪಾನಿಗಿಂತ ಕಮ್ಮಿ ವ್ಯತ್ಯಾಸ ತೋರಿಸಿದರೆ ನಮ್ಮಂಥವರು ತಲೆ ಕೆಡಿಸಿಕೊಳ್ಳುವುದು ಬೇಡ. ಪ್ರತಿ ನಡೆಯನ್ನೂ ಸೋಸಬೇಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಲವತ್ತು ತಪ್ಪಿನ ಪಟ್ಟಿ ಮಾಡಿಕೊಂಡರೆ ಮುಂದಿನ ಭಾನುವಾರ ಒಂದೂ ನೆನಪಿರುವುದಿಲ್ಲ.

ಕೊನೆಯ ಆಟದಲ್ಲಿ ಬೋರ್ಡಿನ ಮೇಲೆ ಏಳು ಅಥವಾ ಅದಕ್ಕಿಂತ ಕಮ್ಮಿ ಕಾಯಿ ಇದ್ದರೆ ಊಹೆ ಬೇಕಾಗಿಲ್ಲ. ಅಲ್ಲಿ ಟೇಬಲ್‌ಬೇಸ್ ಇದೆ. ಆ ಸ್ಥಿತಿಗಳನ್ನೆಲ್ಲ ಕಂಪ್ಯೂಟರ್ ಪೂರ್ತಿ ಲೆಕ್ಕ ಹಾಕಿ ಇಟ್ಟಿದೆ, ಗೆಲುವು, ಸೋಲು, ಡ್ರಾ ಅಂತ ಖಚಿತವಾಗಿ ಹೇಳುತ್ತದೆ. ನನ್ನ ಮೂರು ಕಾಯಿ ಹಾಕಿದೆ. ಇ8 ಡ್ರಾ, ಮಿಕ್ಕ ಎರಡೂ ಸೋಲು ಅಂತು.

ತಮಾಷೆ ಇರುವುದು 11ನೇ ನಡೆಯಲ್ಲಿ. ಆ ನಡೆಗೆ ಎಂಜಿನ್ನಿನ ತಕರಾರೇ ಇಲ್ಲ. ಸರಿಯಾದ ನಡೆ, ಪುಸ್ತಕದಲ್ಲೂ ಇರುವ ನಡೆ. ಕ್ವೀನ್ ಬದಲಾಯಿಸಿದ್ದಕ್ಕೂ ಅದು ಅಂಕಿಯನ್ನು ಚೂರು ಇಳಿಸಿತು ಅಷ್ಟೇ, ಗುರುತು ಹಾಕಲಿಲ್ಲ. ಕೆಂಪು ಇದ್ದದ್ದು ಕೊನೆಗೆ ಮಾತ್ರ. ಎಂಜಿನ್ನಿಗೆ ನನ್ನ ಗಡಿಯಾರ ಕಾಣುವುದಿಲ್ಲ, ನನ್ನ ಭಯವೂ ಕಾಣುವುದಿಲ್ಲ. ಸೋತದ್ದು ಸರಿಯಾದ ನಡೆಯಲ್ಲೇ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಎಂಜಿನ್ ಇಲ್ಲದ ಕಾಲದಲ್ಲಿ ದೊಡ್ಡವರು ಈ ಕೆಲಸವನ್ನು ಕೈಯಾರೆ ಮಾಡುತ್ತಿದ್ದರು. ರಷ್ಯಾದ ಬೊಟ್ವಿನ್ನಿಕ್ ತನ್ನ ಆಟಗಳನ್ನು ತಾನೇ ಕೂತು ಬಿಚ್ಚಿ ನೋಡುವುದರಲ್ಲಿ ಹೆಸರುವಾಸಿ. 1957ರಲ್ಲಿ ಸ್ಮಿಸ್ಲೋವ್ ಕೈಲಿ ವಿಶ್ವ ಪಟ್ಟ ಕಳೆದುಕೊಂಡ, 1958ರಲ್ಲಿ ವಾಪಸ್ ತಗೊಂಡ. 1960ರಲ್ಲಿ ತಾಲ್ ಕೈಲಿ ಕಳೆದುಕೊಂಡ, 1961ರಲ್ಲಿ ಮತ್ತೆ ತಗೊಂಡ. ತಾಲ್ ಅವನಿಗಿಂತ ಇಪ್ಪತ್ತೈದು ವರ್ಷ ಚಿಕ್ಕವನು. ಚಿಕ್ಕವರ ಕೈಲಿ ಸೋತ ಭಾನುವಾರ ಸಂಜೆ ನಾನು ಇದನ್ನು ನೆನೆಸಿಕೊಳ್ಳುತ್ತೇನೆ. ಸಮಾಧಾನಕ್ಕೆ ಏನಾದರೂ ಬೇಕಲ್ವಾ.

ಈಗ ಕಲಿತದ್ದನ್ನು ಬರೆಯುವ ಹೊತ್ತು. ಇಲ್ಲಿ ಬಹಳ ಜನ ಎಡವುತ್ತಾರೆ. "ಸಮಯ ನೋಡಿಕೊಂಡು ಆಡಬೇಕು", "ಹೆದರಬಾರದು" ಅಂತ ಬರೆಯುತ್ತಾರೆ. ನಾನೂ ಎರಡು ವರ್ಷ ಹಾಗೇ ಬರೆದೆ, ಏನೂ ಬದಲಾಗಲಿಲ್ಲ. ಅವು ಹರಕೆ ಹೊತ್ತ ಹಾಗೆ. ಬೋರ್ಡಿನ ಮುಂದೆ ಕೂತಾಗ ಕೈ ಏನು ಮಾಡಬೇಕು ಅಂತ ಬರೆಯಿರಿ. ನನ್ನದು ಹೀಗಿದೆ. ಒಂದು ನಡೆಗೆ 6 ನಿಮಿಷ ದಾಟಿ, ಅದೇ ಎರಡು ನಡೆಗಳ ನಡುವೆ ಓಲಾಡುತ್ತಿದ್ದರೆ, ಮೊದಲು ಹೊಳೆದದ್ದನ್ನು ಇನ್ನೊಂದು ಸಲ ಪರೀಕ್ಷೆ ಮಾಡಿ ಆಡಿಬಿಡು. ಕ್ವೀನ್ ಬದಲಾಯಿಸುವ ಮುಂಚೆ "ಈಗ ಖುಷಿ ಪಡುವವರು ಯಾರು?" ಅಂತ ಕೇಳಿಕೋ. ಇಷ್ಟೇ, ಎರಡು ಸಾಲು. ಮೂರನೆಯದು ಬರೆಯುವಂಥದ್ದಲ್ಲ, ಮಾಡುವಂಥದ್ದು.

ಅದು ಆ ಮೂರು ಕಾಯಿಯ ಆಟ. ತಲೆಗೆ ಗೊತ್ತಿದ್ದು ಕೈಗೆ ಗೊತ್ತಿಲ್ಲದಿದ್ದರೆ ಪ್ರಯೋಜನವಿಲ್ಲ. ಹೊಸ ಹುಡುಗಿಯರಿಗೆ ಮಷಿನ್ ಕಲಿಸುವಾಗಲೂ ಬಟ್ಟೆ ಕೊಡುವ ಮೊದಲು ಪೇಪರಿನ ಮೇಲೆ ದಾರ ಇಲ್ಲದೆ ಗೆರೆ ಹೊಲಿಸುತ್ತೇನೆ, ಕಾಲು ಮತ್ತು ಕೈ ಒಂದಕ್ಕೊಂದು ಹೊಂದುವವರೆಗೆ. ಹಾಗೇ ನಾನು ಮತ್ತು ಮಗಳು ರಾತ್ರಿ ಊಟ ಆದ ಮೇಲೆ ಬೋರ್ಡಿನಲ್ಲಿ ಆ ಮೂರು ಕಾಯಿ ಇಟ್ಟು, ಗಡಿಯಾರಕ್ಕೆ 30 ಸೆಕೆಂಡು ಹಾಕಿ ಆಡಿದೆವು. ಅವಳು ಪಾನ್ ತಳ್ಳುವವಳು, ನಾನು ತಡೆಯುವವಳು. ದಿನಕ್ಕೆ ಹತ್ತು ಸಲ. ಪಾನನ್ನು ಒಂದು ದಿನ ಸಿ ಸಾಲಿನಲ್ಲಿ, ಇನ್ನೊಂದು ದಿನ ಎಫ್ ಸಾಲಿನಲ್ಲಿ ಇಟ್ಟೆವು. ಮೊದಲ ಮೂರು ದಿನ ಗಡಿಬಿಡಿಯಲ್ಲಿ ಮತ್ತೆ ಪಕ್ಕಕ್ಕೇ ಹೋದೆ. ವಾರ ಕಳೆಯುವ ಹೊತ್ತಿಗೆ ಟಿವಿ ಕಡೆ ನೋಡಿಕೊಂಡೇ ನೇರ ಹಿಂದಕ್ಕೆ ಇಡುತ್ತಿದ್ದೆ. "ಅಮ್ಮ, ಸಾಕು, ನನಗೆ ನಾಳೆ ಟೆಸ್ಟ್ ಇದೆ" ಅಂತ ಎದ್ದು ಹೋದಳು.

ಓಪನಿಂಗ್ ಬಗ್ಗೆ ಒಂದು ಮಾತು. ಸೋತ ಕೂಡಲೇ "ಈ ಓಪನಿಂಗೇ ಸರಿ ಇಲ್ಲ" ಅಂತ ಹೊಸದಕ್ಕೆ ಹಾರುವುದು ನಮ್ಮ ಕ್ಲಬ್ಬಿನ ಖಾಯಿಲೆ. ಒಬ್ಬರು ಒಂದು ವರ್ಷದಲ್ಲಿ ನಾಲ್ಕು ಬದಲಾಯಿಸಿದರು. ಬಾಯಿಪಾಠ ಎಲ್ಲಿಗೆ ಮುಗಿಯಿತೋ ಅಲ್ಲಿಂದ ಇನ್ನು ಎರಡೇ ನಡೆ ಮುಂದಕ್ಕೆ ಕಲಿಯಿರಿ. ನಾನು ಕಲಿತದ್ದು ಅಷ್ಟೇ: ಡಿ4 ಬಂದರೆ ಹೊಡೆ, ಕುದುರೆ ಹೊಡೆದರೆ ಕ್ವೀನ್ ಸಿ7. ಯಾಕೆ ಅನ್ನುವುದನ್ನು ಪಕ್ಕದಲ್ಲಿ ಒಂದು ಸಾಲು ಬರೆದಿಟ್ಟೆ: ಇ ಸಾಲು ತೆರೆಯುತ್ತೆ, ಎಚ್2 ಮೇಲೆ ಕಣ್ಣು ಬೀಳುತ್ತೆ.

ಎಲ್ಲಾ ಸೋಲಿಗೂ ಇಷ್ಟು ಕೂರಬೇಕಾಗಿಲ್ಲ. ದಸರಾ ಮುಂಚಿನ ವಾರ ರಾತ್ರಿ ಒಂದರವರೆಗೆ ಹೊಲಿದು, ನಿದ್ದೆಗಣ್ಣಿನಲ್ಲಿ ಹೋಗಿ ಕ್ವೀನನ್ನೇ ಬಿಟ್ಟುಕೊಟ್ಟ ಆಟ ಒಂದಿದೆ. ಅದರ ಶೀಟನ್ನು ಮಡಿಸಿ ಗುಂಡಿ ಡಬ್ಬಿಗೆ ಹಾಕಿದೆ. ಅದರಿಂದ ಕಲಿಯುವುದು ನಿದ್ದೆ ಮಾಡು ಅಂತ ಅಷ್ಟೇ. ಹೊಟ್ಟೆ ಉರಿಸಿದ ಸೋಲು, ಅಂದರೆ ಗೆಲ್ಲಬಹುದಿತ್ತು ಅಥವಾ ಡ್ರಾ ಮಾಡಬಹುದಿತ್ತು ಅನಿಸಿದ ಸೋಲು, ಅದನ್ನೇ ಆರಿಸಿಕೊಳ್ಳಿ. ತಿಂಗಳಿಗೆ ಒಂದು ಸಾಕು. ಆ ಪುಟದ ತುದಿ ಮಡಿಸಿಟ್ಟು, ಮುಂದಿನ ಆಟಕ್ಕೆ ಮೆಟ್ಟಿಲು ಹತ್ತುವ ಮುಂಚೆ ಆ ಎರಡು ಸಾಲು ಮಾತ್ರ ಓದಿಕೊಳ್ಳಿ.

ಆ ಹುಡುಗನ ಜೊತೆ ಆಮೇಲೆ ಎರಡು ಸಲ ಕಪ್ಪು ಕಾಯಿಯಲ್ಲಿ ಆಡಿದೆ. ಕ್ವೀನ್ ಸಿ7ವರೆಗೆ ಎಲ್ಲಾ ತಯಾರು ಮಾಡಿಕೊಂಡು ಹೋಗಿದ್ದೆ. ಅವನು ಎರಡೂ ಸಲ ನಾಲ್ಕನೇ ನಡೆಗೆ ಕುದುರೆ ಹಾರಿಸುವುದು ಬಿಟ್ಟು, ಮೆಲ್ಲಗೆ ಡಿ3 ಆಡಿದ. ಯಾಕೋ ಅಂತ ಕೇಳಿದೆ. "ಆ ಆಟ ಮನೇಲಿ ನೋಡ್ಕೊಂಡೆ ಆಂಟಿ. ನೀವು ಕ್ವೀನ್ ಬದಲಾಯಿಸದೆ ಇದ್ದಿದ್ರೆ ನಾನೇ ಸೋಲ್ತಿದ್ದೆ" ಅಂದ.